ದೀಪಕ್ಕೆ ಅಡ್ಡ ಹಿಡಿದ ಕೈ

ಮೈಸೂರಿನ ಜಗನ್ಮೋಹನ ಅರಮನೆಯನ್ನು ಶಾಲೆಯ ಪ್ರವಾಸದಲ್ಲಿ ನೋಡದೆ ಬೆಳೆದ ಕನ್ನಡಿಗರು ಕಡಿಮೆ ಇರಬೇಕು, ಹಳೇ ಮೈಸೂರು ಕಡೆಯಲ್ಲಂತೂ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಮೃಗಾಲಯ, ಮಧ್ಯಾಹ್ನ ಎಲ್ಲಾದರೂ ಮರದ ನೆರಳಿನಲ್ಲಿ ಪುಳಿಯೋಗರೆ ಪೊಟ್ಟಣ, ಸಂಜೆ ಕೆ.ಆರ್.ಎಸ್. ಕಾರಂಜಿ. ಇದರ ನಡುವೆ ಒಂದು ಗಂಟೆ ಜಗನ್ಮೋಹನಕ್ಕೆ. ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬಂದ ಮೇಲೆ ಎರಡೇ ವಸ್ತು ನೆನಪಿನಲ್ಲಿ ಉಳಿದಿರುತ್ತವೆ. ಒಂದು, ಗೊಂಬೆ ಸೈನಿಕರು ಮೆರವಣಿಗೆ ಹೋಗುವ ಫ್ರೆಂಚ್ ಗಡಿಯಾರ. ಇನ್ನೊಂದು, ದೀಪ ಹಿಡಿದುಕೊಂಡು ನಿಂತ ಹೆಂಗಸಿನ ಚಿತ್ರ. ಮೂವತ್ತು ವರ್ಷ ಬಿಟ್ಟು ಕೇಳಿದರೂ ಜನ ಈ ಎರಡನ್ನೇ ಹೇಳ್ತಾರೆ. ಗಡಿಯಾರ ನೆನಪಿರೋದಕ್ಕೆ ಕಾರಣ ಗೊತ್ತಾಗುತ್ತೆ, ಅದು ಚಲಿಸುತ್ತೆ. ಅಲುಗಾಡದೆ ಸುಮ್ಮನೆ ಗೋಡೆಯ ಮೇಲಿರುವ ಆ ಹೆಂಗಸು ಯಾಕೆ ನೆನಪಿರುತ್ತಾಳೆ?

ಪುಣೆಗೆ ಬಂದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು. ನಾನು ಕಲಾವಿಮರ್ಶಕಿ ಅಲ್ಲ. ಮಗರಪಟ್ಟಾದ ಸೈಬರ್ ಸಿಟಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ ನನ್ನದು. ತಪ್ಪು ಹುಡುಕೋದಕ್ಕೆ ಸಂಬಳ. ಆದರೆ ಒಂದು ಚಿತ್ರ 'ಚೆನ್ನಾಗಿದೆ' ಅಂತ ನಮ್ಮಂಥವರು ಹೇಳುವಾಗ ನಿಜಕ್ಕೂ ಏನು ಹೇಳ್ತಿದ್ದೇವೆ ಎನ್ನುವುದನ್ನು ನಮ್ಮಂಥವರೇ ಒಮ್ಮೆ ಕೂತು ಯೋಚಿಸಬೇಕು. ಬಲ್ಲವರಿಗೆ ಬಿಟ್ಟರೆ ಅವರು ನಮ್ಮ ಅಭಿರುಚಿ ಸರಿಯಿಲ್ಲ ಅಂತ ಹೇಳಿ ಮುಗಿಸಿಬಿಡ್ತಾರೆ.

ಮೊದಲು ಮಗರಪಟ್ಟಾದ ಗೋಡೆಗಳ ಬಗ್ಗೆ ಹೇಳಬೇಕು. ಊರಿನಲ್ಲಿರುವ ಓದುಗರಿಗೆ ಈ ಜಾಗದ ಅಂದಾಜು ಇರಲಿಕ್ಕಿಲ್ಲ. ಪುಣೆಯ ಪೂರ್ವಕ್ಕೆ ಹಡಪಸರದಲ್ಲಿ ಮಗರ ಮನೆತನದವರೂ ಇತರರೂ ಸೇರಿ ನೂರಿಪ್ಪತ್ತಕ್ಕೂ ಹೆಚ್ಚು ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆ ಹೊಲವನ್ನು ಬಿಲ್ಡರುಗಳಿಗೆ ಮಾರದೆ ಒಟ್ಟುಗೂಡಿಸಿ, ತಾವೇ ಒಂದು ಕಂಪನಿ ಮಾಡಿಕೊಂಡು, 2000ದ ಸುಮಾರಿಗೆ ಕಟ್ಟಲು ಶುರು ಮಾಡಿದ ಊರು ಇದು. ರೈತರೇ ಕಟ್ಟಿದ ಊರಾದರೂ ಬಡಾವಣೆಗಳಿಗೆ ಜೋಳ, ಕಬ್ಬು ಅಂತ ಹೆಸರಿಟ್ಟಿಲ್ಲ. ಡ್ಯಾಫೋಡಿಲ್ಸ್, ಐರಿಸ್, ಕಾಸ್ಮಾಸ್, ಹೆಲಿಕೋನಿಯಾ! ನಮ್ಮಮ್ಮನ ಬಾಯಲ್ಲಿ ಇವ್ಯಾವುವೂ ನಿಲ್ಲುವುದಿಲ್ಲ. ಆಟೋದವನಿಗೆ "ಆ ಹೂವಿನ ಬಿಲ್ಡಿಂಗು" ಅಂತ ಹೇಳಿ, ಯಾವ ಹೂವು ಅಂತ ಅವನು ಕೇಳಿದರೆ ನನಗೆ ಫೋನು ಮಾಡುತ್ತಾರೆ. ಒಳಗೆ ಎಲ್ಲ ಇದೆ: ಕಚೇರಿ, ಶಾಲೆ, ಆಸ್ಪತ್ರೆ, ನಡುವೆ ದೊಡ್ಡ ತೋಟ. ಕರೆಂಟು ಹೋದರೆ ಜನರೇಟರ್ ಎದ್ದು ಕೂರುತ್ತದೆ. ಈ ಕೊನೆಯ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಇಂಥ ಫ್ಲ್ಯಾಟುಗಳ ಹಾಲಿನಲ್ಲಿ, ಸೋಫಾದ ಹಿಂದಿನ ಗೋಡೆಗೆ, ಒಂದು ದೊಡ್ಡ ಕ್ಯಾನ್ವಾಸ್ ಪ್ರಿಂಟು ಇರಬೇಕು ಎನ್ನುವುದು ಅಲಿಖಿತ ನಿಯಮ. ನಮ್ಮ ಮನೆಗೆ ಮರಗೆಲಸ ಮಾಡಿಸಿದಾಗ ಒಳಾಂಗಣದ ಹುಡುಗ ಒಂದು ಪುಸ್ತಕ ತಂದು ತೋರಿಸಿದ. ಅದರಲ್ಲಿ ಚಿತ್ರಗಳನ್ನು ವಿಂಗಡಿಸಿದ್ದು ಬಣ್ಣದ ಪ್ರಕಾರ. ಸೋಫಾ ಬೂದು ಇದ್ದರೆ ಇಂತಿಂಥವು, ಕಂದು ಇದ್ದರೆ ಇಂತಿಂಥವು. ನಾವು ಬೂದು ಸೋಫಾದವರು. ಹಾಗಾಗಿ ಹಳದಿ, ನೀಲಿ ಪಟ್ಟೆಗಳು ಒಂದರೊಳಗೊಂದು ಹರಿದಂತಿರುವ ನಾಲ್ಕಡಿ ಅಗಲದ ಚಿತ್ರ ಬಂತು. ಅಮ್ಮ ತಿಪಟೂರಿನಿಂದ ಬಂದವರು ಅದನ್ನು ಒಂದು ನಿಮಿಷ ನೋಡಿ, "ಗೋಡೆಗೆ ಒಳ್ಳೇ ಸೀರೆ ಉಡಿಸಿದ ಹಾಗಿದೆ ಕಣೇ" ಅಂದರು. ನನ್ನ ಗಂಡ ನಕ್ಕರು. ಆದರೆ ಅಮ್ಮ ಹಾಸ್ಯಕ್ಕೆ ಹೇಳಿದ್ದಲ್ಲ. ಸೀರೆಯ ಬಣ್ಣ, ಅಂಚು, ಸೆರಗು ಹೊಂದಿಕೊಂಡಿದೆಯೇ ಎಂದು ನೋಡುವ ಕಣ್ಣು ಅವರದ್ದು. ಆ ಕಣ್ಣಿನಿಂದ ನೋಡಿ ಸರಿಯಾದ ತೀರ್ಪನ್ನೇ ಕೊಟ್ಟರು. ಆ ಪ್ರಿಂಟು ಗೋಡೆಗೆ ಉಡಿಸಿದ ಬಟ್ಟೆಯೇ. ಅದನ್ನು ಯಾರೂ ನೋಡುವುದಿಲ್ಲ. ಮನೆಗೆ ಬಂದವರು "ವಾಲ್ ಚೆನ್ನಾಗಿ ಬಂದಿದೆ" ಅಂತಾರೆಯೇ ಹೊರತು ಚಿತ್ರ ಅನ್ನುವ ಮಾತು ಆಡುವುದಿಲ್ಲ.

ಮುಂದಿನ ಸಲ ಅಮ್ಮ ಬರುವಾಗ ಮೈಸೂರಿನಿಂದ ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತಿಕೊಂಡು ಬಂದದ್ದು ದೀಪದ ಹೆಂಗಸಿನ ಪ್ರತಿಯನ್ನು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಅದನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದರಂತೆ. ಬೂದು ಸೋಫಾಕ್ಕೆ ಅದು ಹೊಂದಲಿಲ್ಲ. ಊಟದ ಮೇಜಿನ ಪಕ್ಕದ ಸಣ್ಣ ಗೋಡೆಗೆ ಹಾಕಿದೆವು. ಅಲ್ಲಿಂದ ಶುರುವಾಯಿತು ನೋಡಿ. ನಾಲ್ಕಡಿಯ ಹಳದಿ ನೀಲಿಯನ್ನು ದಾಟಿ ಹೋದ ಜನ ಎಲ್ಲರೂ ಇದರ ಮುಂದೆ ನಿಂತರು. ಕನ್ನಡದವರು ಬಂದರೆ ಮೊದಲ ಮಾತು, "ಓ, ರವಿವರ್ಮ ಅಲ್ವಾ?" ಮರಾಠಿಯವರು ಬಂದರೆ, "ಹೇ ಕುಣಾಚಂ?" — ಇದು ಯಾರದು?

ಇದರಲ್ಲೇ ಒಂದು ತಮಾಷೆ ಇದೆ. ನಾವು ನಮ್ಮದು ಎಂದುಕೊಂಡು, ಮೇಲೆ ರವಿವರ್ಮನ ಹೆಸರು ಹಚ್ಚಿಕೊಂಡ ಈ ಚಿತ್ರವನ್ನು ಬರೆದವರು ಸಾವಳಾರಾಮ ಲಕ್ಷ್ಮಣ ಹಳದಣಕರ್. 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಸ್ವಂತ ಕಲಾಶಾಲೆ ನಡೆಸಿ, 1968ರಲ್ಲಿ ತೀರಿಕೊಂಡವರು. ಈ ಚಿತ್ರ 1945-46ರದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅಂದರೆ ಸತ್ತ ಸುಮಾರು ನಲವತ್ತು ವರ್ಷಗಳ ಮೇಲೆ ಆತನಿಗೆ ಇಂಥದೊಂದು ಚಿತ್ರವನ್ನು ನಾವು ಬರೆಸಿದ್ದೇವೆ! ದೀಪ ಹಿಡಿದು ನಿಂತವಳು ಹಳದಣಕರರ ಮಗಳು ಗೀತಾ. ಆಕೆ ನೂರು ವರ್ಷ ದಾಟಿ ಬದುಕಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ನಾವು ಶಾಲೆಯ ಸಾಲಿನಲ್ಲಿ ನಿಂತು ಬೆರಗಾಗುತ್ತಿದ್ದ ಆ ಯುವತಿ, ಅದೇ ಹೊತ್ತಿಗೆ ಪಕ್ಕದ ರಾಜ್ಯದಲ್ಲಿ ಅಜ್ಜಿಯಾಗಿ ಮನೆಯಲ್ಲಿದ್ದರು.

ರವಿವರ್ಮನ ಹೆಸರು ಯಾಕೆ ಅಂಟಿತು ಎಂದರೆ, ಕನ್ನಡದಲ್ಲಿ ಆ ಹೆಸರೇ 'ಚಿತ್ರಕಾರ' ಎನ್ನುವುದಕ್ಕೆ ಇನ್ನೊಂದು ಪದ. ಮೈಸೂರು ಒಡೆಯರಿಗೆ ಆತ ಬರೆದ ಪುರಾಣದ ಚಿತ್ರಗಳು ಅದೇ ಕಟ್ಟಡದಲ್ಲಿವೆ. ಅದಕ್ಕಿಂತ ಹೆಚ್ಚಾಗಿ, ಅವನ ಅಚ್ಚುಕೂಟದ ಲಕ್ಷ್ಮಿ ಸರಸ್ವತಿಯರು ನಮ್ಮ ದೇವರ ಮನೆಗಳಲ್ಲಿದ್ದಾರೆ. ಆ ಅಚ್ಚುಕೂಟವೂ ಇಲ್ಲೇ ಹತ್ತಿರದ್ದು: 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಆಮೇಲೆ ಲೋಣಾವಳದ ಬಳಿಯ ಮಳವಲಿಗೆ ಬಂತು, ಬೇಗನೇ ರವಿವರ್ಮನ ಕೈಬಿಟ್ಟು ಜರ್ಮನಿಯ ಮುದ್ರಣ ತಂತ್ರಜ್ಞ ಫ್ರಿಟ್ಜ್ ಷ್ಲೈಶರ್ ಕೈಗೆ ಹೋಯಿತು, 1972ರಲ್ಲಿ ಬೆಂಕಿಗೆ ಸಿಕ್ಕಿತು. ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ರೈಲು ಮಳವಲಿಯಲ್ಲಿ ನಿಲ್ಲುತ್ತದೆ. ಭಾಜೆ ಗುಹೆಗಳಿಗೆ ಹೋಗುವವರು ಇಳಿಯುತ್ತಾರೆ, ಉಳಿದವರು ಮೊಬೈಲು ನೋಡುತ್ತಾರೆ. ನಮ್ಮ ಊರಿನ ಲಕ್ಷ್ಮಿ ಇಲ್ಲಿಂದ ಬಂದವಳು ಎಂದು ಮೊದಲ ಸಲ ಅಲ್ಲಿ ಹಾದುಹೋಗುವಾಗ ನಾನು ಕಿಟಕಿಯಿಂದ ಇಣುಕಿ ನೋಡಿದ್ದೆ. ಒಂದು ಸಣ್ಣ ಸ್ಟೇಷನ್ನು, ಹಸಿರು ಗುಡ್ಡ, ಅಷ್ಟೇ.

ಈ ಹೆಸರಿನ ಗೊಂದಲದಿಂದ ನನಗೊಂದು ಉಪಕಾರವಾಯಿತು. ಸಾಮಾನ್ಯ ಜನ ಹೆಸರು ನೋಡಿ ಚಿತ್ರ ಮೆಚ್ಚುತ್ತಾರೆ ಎಂದು ಬಲ್ಲವರು ದೂರುವುದುಂಟು. ಇಲ್ಲಿ ಹಾಗಾಗಿಲ್ಲ. ಮೊದಲು ಮೆಚ್ಚಿದ್ದಾರೆ, ಇಷ್ಟು ಚೆನ್ನಾಗಿರಬೇಕಾದರೆ ರವಿವರ್ಮನದೇ ಇರಬೇಕು ಎಂದು ಆಮೇಲೆ ಹೆಸರು ಹುಡುಕಿದ್ದಾರೆ. ಹಳದಣಕರರಿಗೆ ಇದು ಅನ್ಯಾಯ, ನಿಜ. ಆದರೆ ಚಿತ್ರ ಹೆಸರಿನ ಬಲವಿಲ್ಲದೆ ಗೆದ್ದಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬೆಲೆಯ ಬಲವೂ ಹೀಗೆಯೇ. ಹುಸೇನರ 'ಗ್ರಾಮಯಾತ್ರಾ' ಎಂಬ 1954ರ ಚಿತ್ರ 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಮಾರಾಟವಾದಾಗ ನಮ್ಮ ಕ್ಯಾಂಟೀನಿನಲ್ಲಿ ಎರಡು ದಿನ ಅದೇ ಮಾತು. ಎಲ್ಲರೂ ಮೊಬೈಲಿನಲ್ಲಿ ಆ ಚಿತ್ರ ತೆಗೆದು ನೋಡಿದರು. ನೋಡಿದ್ದು ಚಿತ್ರವನ್ನಲ್ಲ, ನೂರು ಕೋಟಿಯನ್ನು. ನನಗೆ ಹಿಡಿಸಿದ್ದು ಆ ಚಿತ್ರದ ಹಿಂದಿನ ಕಥೆ. ದಿಲ್ಲಿಗೆ ಬಂದಿದ್ದ ನಾರ್ವೆಯ ಒಬ್ಬ ವೈದ್ಯ ಅದನ್ನು 1954ರಲ್ಲಿ ಕೊಂಡುಕೊಂಡು ಹೋದರು. ಆಮೇಲೆ ಅದು ಓಸ್ಲೋದ ಆಸ್ಪತ್ರೆಗೆ ಸೇರಿತು. ಎತ್ತಿನ ಗಾಡಿ, ಬೀಸುವ ಕಲ್ಲು, ಹಸು, ತಾಯಿ ಮಗು ಇರುವ ಹದಿಮೂರು ತುಣುಕುಗಳ ಆ ಉದ್ದನೆಯ ಚಿತ್ರ ದಶಕಗಟ್ಟಲೆ ಕಾಯಿಲೆಯ ಕಟ್ಟಡದಲ್ಲಿತ್ತು. ಅದರ ಮುಂದೆ ನಡೆದುಹೋದವರಿಗೆ ಬೆಲೆ ಗೊತ್ತಿರಲಿಲ್ಲ, ಹುಸೇನ್ ಯಾರೆಂದೂ ಗೊತ್ತಿರಲಿಕ್ಕಿಲ್ಲ. ಅವರಲ್ಲಿ ಯಾರಾದರೂ ಒಬ್ಬರು, ಆಪರೇಷನ್ನಿನ ಹಿಂದಿನ ದಿನ, ಅಲ್ಲಿ ನಿಂತು ಆ ಹೆಂಗಸು ಏನು ಮಾಡ್ತಿದ್ದಾಳೆ ಅಂತ ನೋಡಿದ್ದರೆ, ಆ ಚಿತ್ರದ ಬಗ್ಗೆ ಅವರ ಮಾತು ಕೇಳೋದಕ್ಕೆ ನನಗೆ ಆಸೆ. ಹರಾಜಿನವರ ಮಾತಿಗಿಂತ ಅದು ನನಗೆ ಬೇಕು.

ಹೆಸರು ಹೋಯಿತು, ಬೆಲೆ ಹೋಯಿತು. ಉಳಿದದ್ದು ಕೈಚಳಕ. ನನ್ನ ಸಹೋದ್ಯೋಗಿಯೊಬ್ಬರು, ಬಂಗಾಳದವರು, ಚಿತ್ರಕಲೆಯ ಬಗ್ಗೆ ಓದಿಕೊಂಡವರು, ಒಂದು ಭಾನುವಾರ ಊಟಕ್ಕೆ ಬಂದಾಗ ದೀಪದ ಹೆಂಗಸನ್ನು ನೋಡಿ ತುಸು ಬೇಸರದಿಂದಲೇ ಹೇಳಿದರು: ಇದು ಟ್ರಿಕ್. ಬೆಳಕಿನ ಟ್ರಿಕ್. ಜನಕ್ಕೆ ಫೋಟೋದ ಹಾಗೆ ಕಂಡರೆ ಸಾಕು, ಅದೇ ಕಲೆ ಅಂತಾರೆ. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಜಗನ್ಮೋಹನದಲ್ಲಿ ನಾನು ನೋಡಿದ ಕಾಲಕ್ಕೆ ಆ ಚಿತ್ರವನ್ನು ಮಬ್ಬುಗತ್ತಲೆಯಲ್ಲಿ ತೋರಿಸುತ್ತಿದ್ದರು. ಕತ್ತಲಲ್ಲಿ ಮುಖ ಬೆಳಗುತ್ತಿರುವಂತೆ ಕಂಡಾಗ ನಮ್ಮ ಸಾಲಿನಿಂದ "ಹಾ" ಅನ್ನುವ ಒಂದೇ ಧ್ವನಿ ಹೊರಟಿತ್ತು. ಹಿಂದೆ ಬಲ್ಬು ಇಟ್ಟಿದ್ದಾರೆ ಅಂತ ಹುಡುಗರು ಪಂಥ ಕಟ್ಟಿದ್ದರು. ಟ್ರಿಕ್ ಇದೆ, ಒಪ್ಪಿದೆ.

ಆದರೆ ಟ್ರಿಕ್ಕಿನ ಆಯುಷ್ಯ ಎಷ್ಟು? ಜಾತ್ರೆಯಲ್ಲಿ ಮಾಯಾಕನ್ನಡಿ ನೋಡಿ ಬಂದವನು ಮತ್ತೆ ಅದನ್ನೇ ನೋಡಲು ಹೋಗುವುದಿಲ್ಲ. ಬಲ್ಬು ಇಲ್ಲ ಅಂತ ಗೊತ್ತಾದ ಮೇಲೂ ಜನ ಆ ಚಿತ್ರದ ಮುಂದೆ ನಿಲ್ಲುತ್ತಾರೆ. ನಮ್ಮ ಊಟದ ಮೇಜಿನ ಪಕ್ಕದಲ್ಲಿ ಕತ್ತಲೆಯೂ ಇಲ್ಲ, ಪರದೆಯೂ ಇಲ್ಲ, ಮೇಲೆ ಎಲ್ಇಡಿ ದೀಪದ ಬಿಳಿ ಬೆಳಕು ಬೇರೆ, ಅದೂ ಅಗ್ಗದ ಪ್ರಿಂಟು. ಆದರೂ ನಿಲ್ಲುತ್ತಾರೆ. ಹಾಗಾದರೆ ಅಲ್ಲಿ ಬೇರೇನೋ ಇದೆ.

ಅದೇನೆಂದು ನೋಡಲು ನಾನು ಎಷ್ಟೋ ರಾತ್ರಿ ಊಟವಾದ ಮೇಲೆ ಕೈ ತೊಳೆಯದೆ ಕೂತಿದ್ದೇನೆ. ಮುಖವನ್ನು ಬಿಟ್ಟು ಕೈಯನ್ನು ನೋಡಿ. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ಕುಡಿಗೆ ಮರೆಯಾಗಿದೆ. ಬೆರಳುಗಳ ಸಂದಿಯಿಂದ, ಬೆರಳಿನ ಚರ್ಮದೊಳಗಿಂದಲೇ, ಕೆಂಪು ಬೆಳಕು ಹಾಯುತ್ತಿದೆ. ಬೆರಳಿನ ಮೂಲಕ ಬೆಳಕು ನಮ್ಮ ಕಡೆ ಬರುತ್ತಿದೆ ಎಂದರೆ ಆ ಕೈ ಇರುವುದು ದೀಪಕ್ಕೂ ನಮಗೂ ನಡುವೆ. ದೀಪಕ್ಕೆ ಯಾಕೆ ಕೈ ಅಡ್ಡ ಹಿಡಿಯುತ್ತಾರೆ? ಗಾಳಿಗೆ ಆರಬಾರದು ಎಂದು. ಹಾಗಾದರೆ ಗಾಳಿ ಬೀಸುತ್ತಿರುವುದು ಎಲ್ಲಿಂದ? ನಾವು ನಿಂತ ಕಡೆಯಿಂದ. ಆಕೆ ದೀಪವನ್ನು ಕಾಪಾಡುತ್ತಿರುವುದು ನಮ್ಮ ಕಡೆಯಿಂದ ಬರುವ ಗಾಳಿಯಿಂದ. ಆಕೆ ನಮ್ಮನ್ನು ನೋಡುವುದೂ ಇಲ್ಲ. ಗಮನವೆಲ್ಲ ಆ ಒಂದು ಕುಡಿಯ ಮೇಲೆ.

ಇದು ಹೊಳೆದ ಮೇಲೆ ಇನ್ನೊಂದು ಅರ್ಥವಾಯಿತು. ಆ ಚಿತ್ರದ ಮುಂದೆ ಜನ ದನಿ ತಗ್ಗಿಸುತ್ತಾರೆ. ಮೊದಲು ನಾನದನ್ನು ಅರಮನೆಯ ಗೌರವ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಯಾವ ಅರಮನೆ? ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಇರುವ ಪ್ರಿಂಟಿನ ಮುಂದೆಯೂ ಜನ ಮೆತ್ತಗೆ ಮಾತಾಡ್ತಾರೆ. ಜೋರಾಗಿ ಉಸಿರು ಬಿಟ್ಟರೆ ದೀಪ ಆರೀತು ಎಂಬಂತೆ. ನೋಡುವವರಿಗೆ ಆ ಚಿತ್ರ ಒಂದು ಜಾಗ ಕೊಟ್ಟಿದೆ, ಮಾಡಲು ಒಂದು ಕೆಲಸವನ್ನೂ ಕೊಟ್ಟಿದೆ: ಸುಮ್ಮನಿರುವುದು. ನಾಲ್ಕಡಿಯ ಹಳದಿ ನೀಲಿ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಫೋಟೋದಷ್ಟೇ ನಯವಾಗಿ ಬರೆದ ಎಷ್ಟೋ ಹೂದಾನಿ, ಹಣ್ಣಿನ ಬುಟ್ಟಿ, ಕೊಳದ ಹಂಸಗಳೂ ಕೇಳುವುದಿಲ್ಲ. ಅವುಗಳ ಮುಂದೆ "ಅಬ್ಬಾ, ಎಷ್ಟು ಚೆನ್ನಾಗಿ ಬರೆದಿದ್ದಾನೆ" ಅಂದು ಮುಂದೆ ಹೋಗಬಹುದು. ಇಲ್ಲಿ ಬರೆದವನನ್ನೇ ಮರೆತುಬಿಡುತ್ತೇವೆ. ಪಾಪ, ಹಳದಣಕರರ ಹೆಸರು ನಮ್ಮ ನೆನಪಿನಲ್ಲಿ ನಿಲ್ಲದ್ದಕ್ಕೆ ಇದೂ ಒಂದು ಕಾರಣವೋ ಏನೋ.

ಕೈಚಳಕದ ಬಗ್ಗೆಯೂ ಒಂದು ಮಾತು ಬಾಕಿ ಇದೆ. ಈ ಚಿತ್ರ ಜಲವರ್ಣದ್ದು. ಎಣ್ಣೆಬಣ್ಣದಲ್ಲಾದರೆ ಕಪ್ಪಿನ ಮೇಲೆ ಬಿಳಿ ಹಚ್ಚಿ ಬೆಳಕು ತರಬಹುದು, ತಪ್ಪಾದರೆ ಮುಚ್ಚಬಹುದು. ಜಲವರ್ಣದ ಪದ್ಧತಿಯಲ್ಲಿ ಬೆಳಕು ಬರುವುದು ಕಾಗದದಿಂದ. ಎಲ್ಲಿ ಅತ್ಯಂತ ಪ್ರಕಾಶ ಬೇಕೋ ಅಲ್ಲಿ ಬಣ್ಣವನ್ನು ತೆಳುವಾಗಿ ಇಡಬೇಕು, ಇಲ್ಲವೆ ಇಡಲೇಬಾರದು. ಸುತ್ತಲಿನ ಕತ್ತಲೆಯನ್ನೆಲ್ಲ ಪದರ ಪದರವಾಗಿ ಕಟ್ಟುತ್ತ, ಆ ಒಂದು ಜಾಗವನ್ನು ಮುಟ್ಟದೆ ಕಾಪಾಡಿಕೊಂಡು ಬರಬೇಕು. ಅಂದರೆ ಆಕೆಯ ಕೈ ದೀಪಕ್ಕೆ ಮಾಡುತ್ತಿರುವ ಕೆಲಸವನ್ನೇ ಬರೆಯುವವರ ಕೈ ಕಾಗದಕ್ಕೆ ಮಾಡಬೇಕು. ಇದು ನೋಡುವವರಿಗೆ ಗೊತ್ತಿರಬೇಕಾದ್ದಿಲ್ಲ. ಆದರೆ ಗೊತ್ತಾದ ಮೇಲೆ ಟ್ರಿಕ್ ಎಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಚಿತ್ರದ ಇಂಗ್ಲಿಷ್ ಹೆಸರು 'ಗ್ಲೋ ಆಫ್ ಹೋಪ್' ಮಾತ್ರ ನನಗೆ ಹಿಡಿಸಿಲ್ಲ. ಭರವಸೆ ಗಿರವಸೆ ಅಂತ ಆಕೆ ಯೋಚಿಸುತ್ತಿರುವಂತೆ ಕಾಣುವುದಿಲ್ಲ. ದೀಪ ಆರದೆ ನಾಲ್ಕು ಹೆಜ್ಜೆ ದಾಟಿದರೆ ಸಾಕು ಆಕೆಗೆ.

ಬಂಗಾಳದ ಗೆಳೆಯರು ಇನ್ನೊಂದು ಪ್ರಶ್ನೆ ಎತ್ತಿದರು, ಇದು ಗಟ್ಟಿ ಪ್ರಶ್ನೆ. "ನಿಮ್ಮಮ್ಮ ದೀಪಕ್ಕೆ ಕೈ ಅಡ್ಡ ಹಿಡಿದವರು, ಅದಕ್ಕೆ ಅವರಿಗೆ ತಟ್ಟುತ್ತೆ. ಗೊತ್ತಿರೋದನ್ನೇ ಗುರುತಿಸಿ ಖುಷಿಪಡೋದು ನೆನಪಾಯ್ತು, ಕಲೆ ಹೇಗಾಯ್ತು?" ನಿಜ, ಅಮ್ಮ ಎಷ್ಟೋ ಸಾವಿರ ಸಂಜೆ ತುಳಸಿಕಟ್ಟೆಗೆ ದೀಪ ಒಯ್ದವರು. ತಿಪಟೂರಿನ ನಮ್ಮ ಮನೆಯಲ್ಲಿ ಪರೀಕ್ಷೆಯ ದಿನಗಳಲ್ಲೇ ಕರೆಂಟು ಹೋಗುತ್ತಿತ್ತು. ಅಡುಗೆಮನೆಯಿಂದ ನಡುಮನೆಗೆ ಬುಡ್ಡಿದೀಪ ಬರುವಾಗ ಮೊದಲು ಕಾಣುತ್ತಿದ್ದದ್ದು ಅಮ್ಮನ ಕೆಂಪು ಬೆರಳುಗಳೇ. ಆದರೆ ಬರೀ ನೆನಪೇ ಆಗಿದ್ದರೆ ದೀಪ ಕಂಡಲ್ಲೆಲ್ಲ ಅಮ್ಮನಿಗೆ ಹಾಗೇ ಆಗಬೇಕಿತ್ತಲ್ಲ? ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳಕರ್ ಸಂಗ್ರಹಾಲಯಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿನ ಹಳೆಯ ದೀಪಗಳ ಸಂಗ್ರಹ ಪುಣೆಯ ಹೆಮ್ಮೆ. ತೂಗುದೀಪ, ಕಾಲುದೀಪ, ಎಂಥೆಂಥ ಕುಸುರಿ! ಅಮ್ಮ ಒಂದೊಂದನ್ನೂ ನೋಡಿ, "ಚೆನ್ನಾಗಿವೆ, ಒಂದಕ್ಕೂ ಎಣ್ಣೆ ಇಲ್ಲ" ಅಂದು ಬೆಂಚು ಹುಡುಕಿ ಕೂತರು. ಗುರುತು ಸಿಕ್ಕಿತು, ಕೆಲಸ ಸಿಗಲಿಲ್ಲ.

ಇನ್ನು ದೀಪವನ್ನೇ ಕಾಣದವರ ವಿಷಯ. ಮಗರಪಟ್ಟಾದಲ್ಲಿ ಹುಟ್ಟಿದ ನನ್ನ ಮಗಳಿಗೆ ಕತ್ತಲೆ ಎಂದರೆ ಜನರೇಟರ್ ಎದ್ದೇಳುವ ಮೊದಲಿನ ಕೆಲವು ಸೆಕೆಂಡು. ದೀಪಾವಳಿಗೆ ಬಾಲ್ಕನಿಯಲ್ಲಿಡುವ ಹಣತೆಗಳು ಬಿಟ್ಟರೆ ಉರಿಯುವ ಕುಡಿಯ ಸಂಗ ಇಲ್ಲ. ಆರೇಳು ವರ್ಷದವಳಿದ್ದಾಗ ಒಂದು ಸಂಜೆ ಊಟದ ಮೇಜಿನ ಹತ್ತಿರ ನಿಂತು, ನನ್ನ ಮೊಬೈಲಿನ ಟಾರ್ಚು ಹಾಕಿ, ಅದರ ಮೇಲೆ ಅಂಗೈ ಮುಚ್ಚಿ, ತನ್ನ ಬೆರಳನ್ನೂ ಚಿತ್ರದ ಬೆರಳನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. "ಅಜ್ಜೀ, ಒಳಗೆ ಕೆಂಪು ಇದೆ!" ಅಂದಳು. ಅಮ್ಮ, "ಹೂಂ, ಎಲ್ಲರ ಒಳಗೂ ಅದೇ ಇರೋದು" ಅಂದು ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು. ಮಗಳಿಗೆ ತುಳಸಿಕಟ್ಟೆಯ ನೆನಪಿಲ್ಲ. ಚಿತ್ರವೇ ಅವಳಿಂದ ಕೈ ಎತ್ತಿಸಿತು. ನೆನಪು ಇದ್ದರೆ ಬೇಗ ತಲುಪಬಹುದು, ಇಲ್ಲದಿದ್ದರೂ ತಲುಪುವ ದಾರಿ ಚಿತ್ರದೊಳಗೇ ಇದೆ.

ಮುನ್ನೂರು ವರ್ಷ ಹಿಂದೆ ಹೋಗಿ ಫ್ರಾನ್ಸಿಗೆ ಬನ್ನಿ. ಜಾರ್ಜ್ ದ ಲಾ ತೂರ್ ಎಂಬ ಹದಿನೇಳನೆಯ ಶತಮಾನದ ಚಿತ್ರಕಾರನದು, ಬಡಗಿ ಜೋಸೆಫ್ ಮತ್ತು ಬಾಲಕ ಏಸುವಿನ ಚಿತ್ರ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ರಾತ್ರಿ ಹೊತ್ತು ಮುದುಕ ಮರ ಕೊರೆಯುತ್ತಿದ್ದಾನೆ. ಹುಡುಗ ಮೇಣದಬತ್ತಿ ಹಿಡಿದು ಇನ್ನೊಂದು ಕೈ ಅಡ್ಡ ಇಟ್ಟಿದ್ದಾನೆ. ಬೆರಳುಗಳೊಳಗಿಂದ ಅದೇ ಕೆಂಪು. ಅದೇ ಚಿತ್ರಕಾರನ ಇನ್ನೊಂದು ಚಿತ್ರದಲ್ಲಿ, ಬಾಣಂತಿಯ ಪಕ್ಕ ಕೂತ ಹೆಂಗಸು ಮೇಣದಬತ್ತಿಗೆ ಕೈ ಮರೆ ಮಾಡಿದ್ದಾಳೆ. ಅವನ ಹೆಸರೂ ಇನ್ನೂರೈವತ್ತು ವರ್ಷ ಮರೆತುಹೋಗಿತ್ತು; ಚಿತ್ರಗಳು ಬೇರೆಯವರ ಹೆಸರಿನಲ್ಲಿ ಗೋಡೆಯ ಮೇಲಿದ್ದವು. 1915ರಲ್ಲಿ ಒಬ್ಬ ಜರ್ಮನ್ ವಿದ್ವಾಂಸ ಅವನ ಹೆಸರನ್ನು ಅವನಿಗೆ ಮರಳಿಸಿದ. ಅಲ್ಲಿಯವರೆಗೆ ಆ ಚಿತ್ರಗಳನ್ನು ನೋಡಿದವರಿಗೆ ಆ ಕೈ ಸಾಕಾಗಿತ್ತು.

ಹಾಗೆಂದು ಹೊಳೆಯುವ ದೀಪ, ಗುರುತು ಸಿಗುವ ಮುಖ ಇದ್ದರೇ ಆಗಬೇಕು ಎನ್ನುವ ವಾದ ನನ್ನದಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಬಾಳಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಬಣ್ಣವಿಲ್ಲ, ನೆರಳಿಲ್ಲ, ಕೆಲವೊಮ್ಮೆ ಕಣ್ಣುಮೂಗೂ ಇಲ್ಲ. ನಾಲ್ಕೈದು ಗೆರೆ ಹೊರಳಿದರೆ ಕುಣಿಯುವವರು ಎದ್ದು ನಿಲ್ಲುತ್ತಾರೆ. ಅವರು ಸ್ವತಃ ಕಥಕ್ ಕಲಿತವರು. ಬಿಟ್ಟ ಜಾಗವನ್ನು ನಮ್ಮ ಕಣ್ಣು ತುಂಬಿಸಬೇಕು, ತುಂಬಿಸುವಾಗ ನಮ್ಮ ಭುಜ ಸಣ್ಣಗೆ ಅಲುಗುತ್ತದೆ. ಫೋಟೋದ ಹಾಗೆ ಇರಬೇಕು ಎನ್ನುವ ನಮ್ಮ ಜನವೇ ಹೆಬ್ಬಾರರ ಗೆರೆಗಳ ಮುಂದೆ ಆ ಮಾತು ಆಡುವುದಿಲ್ಲ, ಗಮನಿಸಿದ್ದೀರಾ? ಬಾಲಗಂಧರ್ವ ರಂಗಮಂದಿರದ ಗ್ಯಾಲರಿಯಲ್ಲಿ ಒಮ್ಮೆ ಬರೀ ಮಣ್ಣು ಬಣ್ಣದ, ಆಕಾರವಿಲ್ಲದ ಚಿತ್ರವೊಂದರ ಮುಂದೆ ಅಮ್ಮ ಬಹಳ ಹೊತ್ತು ನಿಂತಿದ್ದರು. ಏನಮ್ಮ ಅಂದರೆ, "ಕೆರೆ ಬತ್ತಿದ ಮೇಲೆ ಹೆಜ್ಜೆ ಇಟ್ಟರೆ ಹೂತುಹೋಗುತ್ತಲ್ಲ, ಹಾಗೆ" ಅಂದರು. ಕಾಲು ಹೂತುಹೋಗುವುದನ್ನು ಅಲ್ಲಿ ಯಾರೂ ಬರೆದಿರಲಿಲ್ಲ. ಆ ಚಿತ್ರ ಒಳ್ಳೆಯದೋ ಅಲ್ಲವೋ, ಅಮ್ಮನ ಮಟ್ಟಿಗೆ ಅದು ನಮ್ಮ ಸೋಫಾದ ಹಿಂದಿನ ಸೀರೆಯಾಗಿರಲಿಲ್ಲ.

ನಮ್ಮ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ ಒಬ್ಬರು ಆಜೋಬಾ ಇದ್ದಾರೆ. ಮರಾಠಿಯಲ್ಲಿ ಅಜ್ಜನಿಗೆ ಹಾಗೆ ಕರೆಯುತ್ತಾರೆ. ಮಗನ ಮನೆಯಲ್ಲಿರುವವರು, ಮೂಲ ಸಾವಂತವಾಡಿ. ಅಮ್ಮನಿಗೂ ಅವರಿಗೂ ತೋಟದ ಬೆಂಚಿನ ಸ್ನೇಹ. ಅಮ್ಮನಿಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರದೂ ಹಿಂದಿ ಅಷ್ಟಕ್ಕಷ್ಟೇ. ಒಮ್ಮೆ ಸಾವಂತವಾಡಿಯ ಬಣ್ಣದ ಗಂಜೀಫಾ ಎಲೆಗಳನ್ನು ತಂದು ತೋರಿಸಿದರು. "ಅಯ್ಯೋ, ಇದು ನಮ್ಮ ಮೈಸೂರಲ್ಲೂ ಇದೆ, ಮುಮ್ಮಡಿ ಮಹಾರಾಜರು ಇದನ್ನ ಆಡ್ತಿದ್ರು!" ಅಂತ ಅಮ್ಮ ಕನ್ನಡದಲ್ಲೇ ಹೇಳಿದರು, ಅವರು ತಲೆಯಾಡಿಸಿದರು. ಅವರು ನಮ್ಮ ಮನೆಗೆ ಬಂದಾಗ ದೀಪದ ಹೆಂಗಸಿನ ಮುಂದೆ ನಿಂತರು, ಎಲ್ಲರ ಹಾಗೆಯೇ. ಜಗನ್ಮೋಹನ ನೋಡಿದವರಲ್ಲ. ಆದ್ದರಿಂದ ಅಮ್ಮನೇ ಮೊದಲು, "ಮೈಸೂರ್ ಕಾ ಹೈ, ಹಮಾರಾ" ಅಂದರು. ಬರೆದವರ ಹೆಸರು ಊರು ನಾನು ಹೇಳಿದೆ. ಆಜೋಬಾ ನನ್ನ ಕಡೆ ತಿರುಗಿ, "ಹಳದಣಕರ? ಹೇ ತರ್ ಆಮಚ್ಯಾ ಗಾವಚೇ" ಅಂದರು: ಇವರು ನಮ್ಮೂರಿನವರು! ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಮಗಳು ನಿಮ್ಮೋಳು, ಇರೋ ಮನೆ ನಮ್ದು. ಮದುವೆ ಆದ ಹಾಗಾಯ್ತು ಬಿಡಿ" ಅಂದರು. ಅದನ್ನು ಹಿಂದಿಗೆ ತಿರುಗಿಸಲು ನಾನು ಪಟ್ಟ ಪಾಡು ಬೇಡ.

ಪ್ರಿಂಟಿನ ಮೇಲೆ ಚಿತ್ರಕಾರರ ಹೆಸರು ಇರಲಿಲ್ಲ ಎನ್ನುವುದನ್ನು ಮೊದಲು ಗಮನಿಸಿದವರೂ ಅವರೇ. ಮರುದಿನ ಒಂದು ಚೀಟಿಯಲ್ಲಿ ದೇವನಾಗರಿಯಲ್ಲಿ ದುಂಡಗೆ ಬರೆದು ತಂದುಕೊಟ್ಟರು: ಹೆಸರು, ಊರು, ಅಷ್ಟೇ. ಅದರ ಕೆಳಗೆ ಮಗಳ ಕೈಯಲ್ಲಿ ಕನ್ನಡದಲ್ಲಿ ಬರೆಸಿ ಚೌಕಟ್ಟಿನ ಕೆಳಗೆ ಅಂಟಿಸಿದ್ದೇವೆ. ಹೋದ ತಿಂಗಳು ದಾವಣಗೆರೆಯಿಂದ ನಮ್ಮ ಚಿಕ್ಕಪ್ಪ ಬಂದಿದ್ದರು. ಚೀಟಿಯ ಮೂಗಿನ ಹತ್ತಿರವೇ ನಿಂತು, ಕೈ ಹಿಂದೆ ಕಟ್ಟಿಕೊಂಡು, ಮೆತ್ತಗಿನ ದನಿಯಲ್ಲಿ ಕೇಳಿದರು, "ರವಿವರ್ಮ ಅಲ್ವೇನಮ್ಮಾ ಇದು?"